ಮಗಳು ಕೋಣೆ ಬಿಟ್ಟು ಬರುವುದಿಲ್ಲ ಎನ್ನುವ ಮನೆಗೆ 14416: ಟೆಲಿ ಮಾನಸ್ ಸೇವೆಯ ವಿಮರ್ಶೆ

ಪಿಯುಸಿ ಸೇರಿದ ಮಗಳಿಗೆ ಕಾಲೇಜು ಬಿಟ್ಟರೆ ಮನೆ, ಮನೆ ಬಿಟ್ಟರೆ ಕಾಲೇಜು. ನೆಂಟರು ಬಂದರೆ ಕೋಣೆಯ ಬಾಗಿಲು ಮುಚ್ಚುತ್ತದೆ. ಫೋನ್ ರಿಂಗಾದರೆ ಅದು ಅಮ್ಮನ ಕೈಗೆ ಬರುತ್ತದೆ. ಮದುವೆಗೆ ಹೊರಡುವ ಹೊತ್ತಿಗೆ ಹೊಟ್ಟೆನೋವು ಶುರು. ಇಂಥ ಮನೆಗಳಲ್ಲಿ ಅಪ್ಪ ಅಮ್ಮನನ್ನು ಕಾಡುವ ಪ್ರಶ್ನೆ ಒಂದೇ: ಇದು ಸ್ವಭಾವವೋ, ಕಾಯಿಲೆಯೋ? ಕೇಳೋಣವೆಂದರೆ ಊರಿನ ಮನೋವೈದ್ಯರ ಕ್ಲಿನಿಕ್ ಮುಂದೆ ಕೂರಲು ಮುಜುಗರ, ಖಾಸಗಿ ಆಪ್ತಸಮಾಲೋಚಕರ ಶುಲ್ಕ ಪ್ರತಿ ಭೇಟಿಗೂ ಕೊಡಬೇಕು, ಎಲ್ಲಕ್ಕಿಂತ ಹೆಚ್ಚಾಗಿ ಮಗಳೇ ಬರಲು ಒಪ್ಪುವುದಿಲ್ಲ. ಈ ಮೂರು ತೊಡಕನ್ನೂ ಒಂದೇ ಏಟಿಗೆ ದಾಟಿಸುವ ಸೇವೆ ಟೆಲಿ ಮಾನಸ್. ಆದರೆ ಅದರಿಂದ ಏನು ಕೇಳಬೇಕು, ಏನು ಕೇಳಬಾರದು ಎಂಬುದು ಗೊತ್ತಿರಬೇಕು.

ಮೊದಲು ಸೇವೆಯ ವಿವರ. 2022-23ರ ಕೇಂದ್ರ ಬಜೆಟ್‌ನಲ್ಲಿ ಘೋಷಣೆಯಾಗಿ, 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದೇ ಶುರುವಾದ ರಾಷ್ಟ್ರೀಯ ಸಹಾಯವಾಣಿ ಇದು. ಸಂಖ್ಯೆ 14416. ದಿನದ 24 ಗಂಟೆ, ಉಚಿತ. 20 ಭಾಷೆಗಳಲ್ಲಿ ಸೇವೆಯಿದ್ದು ಕನ್ನಡವೂ ಅವುಗಳಲ್ಲಿ ಒಂದು. ಇಡೀ ದೇಶದ ವ್ಯವಸ್ಥೆಗೆ ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರ. ತಾಂತ್ರಿಕ ನೆರವು ಕೊಟ್ಟದ್ದೂ ಬೆಂಗಳೂರಿನದೇ ಆದ ಐಐಐಟಿ ಎಂಬ ಮಾಹಿತಿ ತಂತ್ರಜ್ಞಾನ ಸಂಸ್ಥೆ. ಕರೆ ಎರಡು ಮೆಟ್ಟಿಲಲ್ಲಿ ಸಾಗುತ್ತದೆ. ಮೊದಲನೆಯದರಲ್ಲಿ ರಾಜ್ಯದ ಘಟಕದಲ್ಲಿ ಕೂತ ತರಬೇತಾದ ಆಪ್ತಸಮಾಲೋಚಕರು ಮಾತಾಡುತ್ತಾರೆ. ಅವರ ಕೈ ಮೀರಿದ್ದು ಎನಿಸಿದರೆ ಎರಡನೆಯದರಲ್ಲಿ ಮನೋವೈದ್ಯರು, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಅಥವಾ ವೈದ್ಯಕೀಯ ಕಾಲೇಜಿನ ತಜ್ಞರು, ಇಲ್ಲವೇ ಸರ್ಕಾರದ ಆನ್‌ಲೈನ್ ವೈದ್ಯಸೇವೆಯಾದ ಇ-ಸಂಜೀವನಿ ಮೂಲಕ ದೂರ ಸಮಾಲೋಚನೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿ ಹುಟ್ಟಿದ್ದೇ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ, 1980ರ ದಶಕದಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗದಿಂದ.

ಈ ಸೇವೆಯನ್ನು ಹೆಚ್ಚಿನ ಮನೆಗಳು ಬಳಸಲು ಹೊರಡುವ ರೀತಿಯೇ ತಪ್ಪು. ಸಂಖ್ಯೆ ಒತ್ತಿ, ಫೋನನ್ನು ಮಗಳ ಕೈಗೆ ತುರುಕಿ, “ಮಾತಾಡು, ಡಾಕ್ಟರು ಕೇಳ್ತಾರೆ” ಅನ್ನುವುದು. ಪರಿಚಯದವರ ಜೊತೆಯೇ ಫೋನಲ್ಲಿ ಮಾತಾಡಲು ತಡವರಿಸುವ ಹುಡುಗಿಗೆ ಅಪರಿಚಿತ ದನಿಯ ಮುಂದೆ ಮನಸ್ಸು ತೆರೆ ಎನ್ನುವುದು ಈಜು ಬಾರದವರನ್ನು ಬಾವಿಗೆ ನೂಕಿದ ಹಾಗೆ. ಹೂಂ, ಇಲ್ಲ, ಗೊತ್ತಿಲ್ಲ ಎಂಬ ಮೂರು ಮಾತಲ್ಲಿ ಕರೆ ಮುಗಿಯುತ್ತದೆ. ಅಪ್ಪ ಅಮ್ಮನಿಗೆ ಸೇವೆಯೇ ಸರಿಯಿಲ್ಲ ಎನಿಸುತ್ತದೆ. ಮಗಳಿಗೆ ಇನ್ನು ಈ ಕಡೆ ತಲೆಹಾಕಬಾರದು ಎನಿಸುತ್ತದೆ. ಈ ಎರಡನೆಯದು ದೊಡ್ಡ ನಷ್ಟ, ಏಕೆಂದರೆ ಮುಂದೆ ನಿಜವಾಗಿ ಬೇಕಾದಾಗಲೂ ಅವಳು ಆ ಸಂಖ್ಯೆ ಒತ್ತುವುದಿಲ್ಲ.

ಮೊದಲ ಕರೆ ಅಪ್ಪ ಅಥವಾ ಅಮ್ಮನದಾಗಿರಬೇಕು. ಕರೆ ಮಾಡುವವರೇ ರೋಗಿಯಾಗಿರಬೇಕೆಂದಿಲ್ಲ. ಮನೆಯವರ ಬಗ್ಗೆ ಸಲಹೆ ಕೇಳಲೂ ಇದು ಇದೆ. ಹಾಗೆ ಬಳಸಿದರೆ ಈ ಸೇವೆ ಬಹಳ ಒಳ್ಳೆಯದು. ಅದಕ್ಕೆ ಎರಡು ವಾರದ ತಯಾರಿ ಬೇಕು.

ಒಂದು ನೂರು ಪುಟದ ನೋಟ್‌ಬುಕ್ ಸಾಕು. ದಿನಕ್ಕೆ ಐದು ಸಾಲು ಬರೆಯಿರಿ: ಎಷ್ಟು ಗಂಟೆಗೆ ಮಲಗಿದಳು, ಎದ್ದಳು; ಊಟ ಎಷ್ಟು ಹೊತ್ತು ಮಾಡಿದಳು, ಎಷ್ಟು ಬಿಟ್ಟಳು; ಯಾವುದನ್ನು ತಪ್ಪಿಸಿಕೊಂಡಳು, ಅದಕ್ಕೆ ಸ್ವಲ್ಪ ಮುಂಚೆ ಏನಾಗಿತ್ತು; ಯಾರೂ ಹೇಳದೆ ತಾನಾಗಿ ಖುಷಿಯಿಂದ ಮಾಡಿದ್ದೇನು; ಆ ದಿನ ನೀವು ಅವಳ ಬದಲಿಗೆ ಯಾವ ಮಾತಾಡಿದಿರಿ, ಯಾವ ಕೆಲಸ ಮಾಡಿಕೊಟ್ಟಿರಿ. ಈ ಐದನೆಯ ಸಾಲನ್ನೇ ಎಲ್ಲರೂ ಬಿಟ್ಟುಬಿಡುತ್ತಾರೆ, ಮುಂದೆ ಅತಿ ಹೆಚ್ಚು ಕೆಲಸಕ್ಕೆ ಬರುವುದೂ ಅದೇ. ಜೊತೆಗೆ ಕಾಲೇಜಿನ ಹಾಜರಿಯ ಲೆಕ್ಕ ತೆಗೆದಿಡಿ. ಪಿಯುಸಿ ಪರೀಕ್ಷೆಗೆ ಕೂರಲು ಶೇ 75 ಹಾಜರಿ ಬೇಕು. ಹಾಜರಿ ಆ ಗೆರೆಯ ಹತ್ತಿರ ಇಳಿದಿದ್ದರೆ ಕರೆಯನ್ನು ಎರಡು ವಾರ ಮುಂದೂಡಬೇಡಿ. ಅವಳ ಫೋನ್ ತೆಗೆದು ಓದುವುದು, ಡೈರಿ ಹುಡುಕುವುದು ಈ ತಯಾರಿಯ ಭಾಗವಲ್ಲ. ಸಿಕ್ಕಿಬಿದ್ದರೆ ಇರುವ ನಂಬಿಕೆಯೂ ಹೋಗುತ್ತದೆ.

ನೋಟ್‌ಬುಕ್ ತುಂಬಿದ ಮೇಲೆ ಅದನ್ನು ಒಂದು ಪ್ರಶ್ನೆಯಿಂದ ಓದಿ: ಒಬ್ಬಳೇ ಇದ್ದಾಗ ಹೇಗಿರುತ್ತಾಳೆ?

ಅಂತರ್ಮುಖಿ ಮಗು ಒಬ್ಬಳೇ ಇದ್ದಾಗ ಚೆನ್ನಾಗಿರುತ್ತಾಳೆ. ಚಿತ್ರ ಬರೆಯುತ್ತಾಳೆ, ಓದುತ್ತಾಳೆ, ಬೆಕ್ಕಿನ ಜೊತೆ ಮಾತಾಡುತ್ತಾಳೆ, ಒಬ್ಬಿಬ್ಬರು ಗೆಳತಿಯರ ಜೊತೆ ಗಂಟೆಗಟ್ಟಲೆ ಹರಟುತ್ತಾಳೆ. ಮದುವೆಗೆ ಹೋಗಿ ಬಂದರೆ ದಣಿಯುತ್ತಾಳೆ, ಮಲಗಿ ಎದ್ದರೆ ಸರಿಹೋಗುತ್ತಾಳೆ. ಬೇಕಾದಾಗ ಬ್ಯಾಂಕಿಗೂ ಹೋಗುತ್ತಾಳೆ, ಲೆಕ್ಚರರ್ ಹತ್ತಿರ ಅನುಮಾನವನ್ನೂ ಕೇಳುತ್ತಾಳೆ, ಇಷ್ಟವಿಲ್ಲದಿದ್ದರೂ. ಇದಕ್ಕೆ ಚಿಕಿತ್ಸೆ ಇಲ್ಲ, ಬೇಕಾಗಿಯೂ ಇಲ್ಲ. ಇಂಥ ಮಗುವನ್ನು ‘ಸರಿಮಾಡಲು’ ಹೊರಡುವ ಅಪ್ಪ ಅಮ್ಮ ಇಲ್ಲದ ಕಾಯಿಲೆಯನ್ನು ತಂದು ಹಚ್ಚುತ್ತಾರೆ.

ಸಾಮಾಜಿಕ ಆತಂಕ ಬೇರೆ. ಅಲ್ಲಿ ಹೋಗುವ ಆಸೆ ಇದೆ, ಹೋಗಲು ಆಗುವುದಿಲ್ಲ. ಗೆಳತಿಯ ಹುಟ್ಟುಹಬ್ಬಕ್ಕೆ ಉಡುಗೊರೆ ಕೊಂಡಿರುತ್ತಾಳೆ, ಹೊರಡುವ ಹೊತ್ತಿಗೆ ವಾಂತಿ ಬರುವ ಹಾಗಾಗುತ್ತದೆ. ಮುಂಚಿನ ರಾತ್ರಿ ಏನು ಮಾತಾಡಬೇಕೆಂದು ಮನಸ್ಸಲ್ಲೇ ತಾಲೀಮು, ಆಮೇಲೆ ಮೂರು ದಿನ ಏನು ತಪ್ಪು ಮಾತಾಡಿದೆನೋ ಎಂಬ ಮೆಲುಕು. ಕೈ ನಡುಕ, ಬೆವರು, ಮುಖ ಕೆಂಪಾಗುವುದು. ವೈವಾ, ಅಂದರೆ ಮೌಖಿಕ ಪರೀಕ್ಷೆ, ಇದ್ದ ದಿನವೇ ಕಾಲೇಜು ತಪ್ಪಿಸುವುದು. ಇದು ಆರು ತಿಂಗಳು ಅಥವಾ ಹೆಚ್ಚು ಕಾಲ ಇದ್ದು ಓದು, ಗೆಳೆತನ, ದಿನದ ಕೆಲಸಕ್ಕೆ ಅಡ್ಡಿಯಾದರೆ ವೈದ್ಯರು ಅದನ್ನು ಚಿಕಿತ್ಸೆ ಬೇಕಾದ ಸ್ಥಿತಿ ಎಂದು ನೋಡುತ್ತಾರೆ.

ಖಿನ್ನತೆಯಲ್ಲಿ ಒಬ್ಬಳೇ ಇದ್ದಾಗಲೂ ಸಂತೋಷವಿಲ್ಲ. ಇಷ್ಟಪಟ್ಟು ಮಾಡುತ್ತಿದ್ದುದೇ ಬೇಡವಾಗುತ್ತದೆ, ನಿದ್ದೆ ಮತ್ತು ಹಸಿವು ಏರುಪೇರಾಗುತ್ತದೆ. ಈ ವಯಸ್ಸಿನಲ್ಲಿ ಅದು ಅಳುವಾಗಿಯೇ ಕಾಣಬೇಕೆಂದಿಲ್ಲ, ಸಿಡುಕಾಗಿಯೂ ಕಾಣುತ್ತದೆ. ‘ಕೊಬ್ಬು’ ಎಂದು ಮನೆಯವರು ಬೈಯುವುದು ಅದನ್ನೇ. ಎರಡು ವಾರ ಹೀಗೇ ಇದ್ದರೆ ಕಾಯಬಾರದು. ಇನ್ನು ನಿನ್ನೆ ಮೊನ್ನೆಯವರೆಗೆ ಓಡಾಡಿಕೊಂಡಿದ್ದವಳು ದಿಢೀರನೆ ಕೋಣೆ ಸೇರಿದರೆ ಅದು ಸ್ವಭಾವವಲ್ಲ. ಕಾಲೇಜಿನಲ್ಲಿ, ಬಸ್ಸಿನಲ್ಲಿ, ಟ್ಯೂಷನ್‌ನಲ್ಲಿ, ಫೋನಿನಲ್ಲಿ ಏನೋ ನಡೆದಿದೆ ಎಂದೇ ಮೊದಲು ಯೋಚಿಸಿ. ಚಿಕ್ಕಂದಿನಿಂದಲೇ ಜೋರು ಸದ್ದು, ಬಟ್ಟೆಯ ಲೇಬಲ್ಲು, ದಿನಚರಿಯ ಬದಲಾವಣೆ ತಡೆಯಲಾರದೆ, ತಮಾಷೆಯ ಮಾತನ್ನು ಅಕ್ಷರಶಃ ತೆಗೆದುಕೊಳ್ಳುವ ಮಗುವಾದರೆ ಆಟಿಸಂ ಬಗ್ಗೆಯೂ ಕೇಳಬೇಕು. ಹೆಣ್ಣುಮಕ್ಕಳಲ್ಲಿ ಅದು ‘ಪಾಪದ ಹುಡುಗಿ’ ಎಂಬ ಮಾತಿನ ಅಡಿಯಲ್ಲಿ ವರ್ಷಗಟ್ಟಲೆ ಮುಚ್ಚಿಹೋಗುತ್ತದೆ. ಸುಸ್ತೇ ಮುಖ್ಯ ತೊಂದರೆಯಾಗಿದ್ದರೆ ಮೊದಲು ರಕ್ತಪರೀಕ್ಷೆ: ಹಿಮೋಗ್ಲೋಬಿನ್, ಥೈರಾಯ್ಡ್‌ಗೆ ಟಿಎಸ್‌ಎಚ್. ಈ ವಯಸ್ಸಿನ ಹುಡುಗಿಯರಲ್ಲಿ ಹಿಮೋಗ್ಲೋಬಿನ್ 12ಕ್ಕಿಂತ ಕೆಳಗಿದ್ದರೆ ರಕ್ತಹೀನತೆ. ಅದನ್ನು ಬಿಟ್ಟು ಮನಸ್ಸಿನ ಕಾರಣ ಹುಡುಕುತ್ತಾ ಕೂರುವುದು ವ್ಯರ್ಥ.

ಈಗ ಕರೆ. ಮಗಳಿಗೆ ಕೇಳಿಸದ ಜಾಗದಿಂದ, ಆದರೆ ಕದ್ದುಮುಚ್ಚಿ ಅಲ್ಲ. “ನಿನ್ನ ಬಗ್ಗೆ ನಾನು ಹೇಗೆ ನಡೆದುಕೊಳ್ಳಬೇಕು ಅಂತ ಕೇಳೋಕೆ ಒಬ್ಬರ ಹತ್ತಿರ ಮಾತಾಡ್ತೀನಿ, ನೀನು ಮಾತಾಡೋದು ಬೇಡ” ಎಂದು ಒಂದು ಸಾಲು ಹೇಳಿಡಿ. ಆ ಎರಡನೇ ಅರ್ಧ ಕೇಳಿದಾಗ ಅವಳ ಹೆಗಲು ಸಡಿಲಾಗುವುದು ಕಾಣುತ್ತದೆ. 14416 ಒತ್ತಿದ ಮೇಲೆ ಧ್ವನಿಮುದ್ರಿತ ಸಂದೇಶ ಭಾಷೆ ಆಯ್ಕೆ ಮಾಡಲು ಹೇಳುತ್ತದೆ. ಪೂರ್ತಿ ಕೇಳಿ ಒತ್ತಿ, ಅವಸರದಲ್ಲಿ ಒಂದನ್ನೇ ಒತ್ತಿ ಬೇರೆ ಭಾಷೆಯವರ ಹತ್ತಿರ ಹೋಗಬೇಡಿ. ಕರೆಗಳು ರಾಜ್ಯವಾರು ಘಟಕಕ್ಕೆ ಹೋಗುವ ವ್ಯವಸ್ಥೆ ಇರುವುದರಿಂದ ಪುಣೆ, ಹೈದರಾಬಾದ್, ಮುಂಬೈಯ ಕನ್ನಡಿಗರು ಭಾಷೆಯ ಆಯ್ಕೆಯಲ್ಲಿ ಇನ್ನಷ್ಟು ಎಚ್ಚರ ವಹಿಸಬೇಕು. ರಾತ್ರಿಯೂ ಕರೆ ಮಾಡಬಹುದು, ಆದರೆ ಯಾವ ಆಸ್ಪತ್ರೆ, ಯಾವ ದಿನ ಎಂಬ ಮಾಹಿತಿಯೂ ಬೇಕಿದ್ದರೆ ಕೆಲಸದ ದಿನ ಹಗಲು ಹೊತ್ತು ಉತ್ತಮ. ಅದೇ ದಿನ ಜಿಲ್ಲಾಸ್ಪತ್ರೆಗೆ ಫೋನ್ ಮಾಡಿ ಖಚಿತಪಡಿಸಿಕೊಳ್ಳಬಹುದು.

ಮೊದಲ ನಿಮಿಷದ ಮಾತು ಇಡೀ ಕರೆಯ ದಿಕ್ಕು ತೀರ್ಮಾನಿಸುತ್ತದೆ. ಮಗಳಿರಲಿ ಮಗನಿರಲಿ ಕ್ರಮ ಒಂದೇ; ಉದಾಹರಣೆಗೆ ಇಲ್ಲಿ ಒಬ್ಬ ಮಗನನ್ನು ತೆಗೆದುಕೊಳ್ಳೋಣ. “ಮಗ ಯಾರ ಜೊತೆಯೂ ಸೇರಲ್ಲ ಮೇಡಂ, ಯಾವಾಗಲೂ ಮೊಬೈಲೇ” ಎಂದರೆ ಆ ಕಡೆಯಿಂದಲೂ ಎಲ್ಲರಿಗೂ ಹೇಳುವ ಸಾಮಾನ್ಯ ಬುದ್ಧಿಮಾತೇ ಬರುತ್ತದೆ: ಪ್ರೀತಿಯಿಂದ ಮಾತಾಡಿಸಿ, ಹವ್ಯಾಸ ಬೆಳೆಸಿ. ಬದಲಿಗೆ ಬರೆದಿಟ್ಟುಕೊಂಡು ಓದಿ: “ಮಗನಿಗೆ 17 ವರ್ಷ, ಎರಡನೇ ಪಿಯುಸಿ. ಎಂಟು ತಿಂಗಳಿಂದ ಮನೆ ಬಿಟ್ಟು ಹೋಗುವುದು ಕಡಿಮೆಯಾಗಿದೆ. ಊಟ ನಿದ್ದೆ ಸರಿಯಿದೆ, ಒಬ್ಬನೇ ಇದ್ದಾಗ ಕೀಬೋರ್ಡ್ ನುಡಿಸುತ್ತಾನೆ. ಕಳೆದ ತಿಂಗಳು ನಾಲ್ಕು ದಿನ ಕಾಲೇಜು ತಪ್ಪಿಸಿದ, ನಾಲ್ಕೂ ದಿನ ತರಗತಿಯಲ್ಲಿ ಎದ್ದುನಿಂತು ಮಾತಾಡುವುದಿತ್ತು. ಸಾಯುವ ಮಾತು ಆಡಿಲ್ಲ. ಅವನು ಫೋನಲ್ಲಿ ಮಾತಾಡುವುದಿಲ್ಲ. ಇದು ಸ್ವಭಾವವೋ, ಚಿಕಿತ್ಸೆ ಬೇಕಾದ ಆತಂಕವೋ ತಿಳಿಯಬೇಕು, ಮನೆಯಲ್ಲಿ ಏನು ಬದಲಿಸಬೇಕು ಹೇಳಿ.” ಇಷ್ಟಕ್ಕೆ ಒಂದು ನಿಮಿಷ ಸಾಕು. ಇಂಥ ಮಾಹಿತಿ ಸಿಕ್ಕಾಗ ಆಪ್ತಸಮಾಲೋಚಕರು ಕೇಳುವ ಪ್ರಶ್ನೆಗಳ ಮಟ್ಟವೇ ಬೇರೆಯಾಗುತ್ತದೆ. ಉತ್ತರ ಸಾಮಾನ್ಯವಾಗಿಯೇ ಉಳಿದರೆ “ಇದನ್ನು ತಜ್ಞರಿಗೆ ಒಪ್ಪಿಸಬಹುದೇ?” ಎಂದು ನೇರವಾಗಿ ಕೇಳಿ. ಎರಡನೇ ಮೆಟ್ಟಿಲು ಇರುವುದು ಅದಕ್ಕೇ, ಸಂಕೋಚ ಬೇಡ.

ಕರೆ ಮುಗಿಸುವ ಮುನ್ನ ತಾರೀಖು, ಮಾತಾಡಿದವರ ಹೆಸರು, ಅವರು ಹೇಳಿದ ಮುಂದಿನ ಹೆಜ್ಜೆ ಬರೆದುಕೊಳ್ಳಿ. ಮುಂದಿನ ಸಲ ಅದೇ ವ್ಯಕ್ತಿ ಸಿಗುತ್ತಾರೆಂದು ನೆಚ್ಚಿಕೊಳ್ಳಬೇಡಿ. ಈ ಸೇವೆಯ ದೊಡ್ಡ ಮಿತಿ ಇರುವುದು ಇಲ್ಲಿಯೇ. ಸಂಕೋಚದ ಮಕ್ಕಳಿಗೆ ಬೇಕಾದದ್ದು ಒಂದೇ ಮುಖ, ಒಂದೇ ದನಿ, ವಾರಕ್ಕೊಮ್ಮೆ, ಹನ್ನೆರಡು ಹದಿನಾರು ವಾರ. ಸಾಮಾಜಿಕ ಆತಂಕಕ್ಕೆ ಕೊಡುವ ಅರಿವು-ವರ್ತನೆ ಚಿಕಿತ್ಸೆ, ಅಂದರೆ ಸಿಬಿಟಿ, ಸಾಮಾನ್ಯವಾಗಿ ಅಷ್ಟು ಕಾಲ ನಡೆಯುತ್ತದೆ. ಸಹಾಯವಾಣಿ ಅದನ್ನು ಕೊಡಲಾರದು. ದಾರಿ ತೋರಿಸುವ ಕೈಮರ ಅದು, ಗಾಡಿಯಲ್ಲ.

ಆದರೆ ಮನೆಯಲ್ಲೇ ಶುರುಮಾಡಬಹುದಾದ ಭಾಗ ಒಂದಿದೆ. ಅದನ್ನು ಕರೆಯಲ್ಲಿ ಕೇಳಿ ಪಡೆಯಬೇಕು: ಮೆಟ್ಟಿಲು ಪಟ್ಟಿ. ಮಗನೇ ಕೂತು, ತನಗೆ ಕಷ್ಟವೆನಿಸುವ ಎಂಟು ಹತ್ತು ಸಂದರ್ಭ ಬರೆದು, ಪ್ರತಿಯೊಂದಕ್ಕೂ 0ರಿಂದ 10ರವರೆಗೆ ಭಯದ ಅಂಕ ಹಾಕುತ್ತಾನೆ. ಅಂಕ ಅವನದು, ನಿಮ್ಮದಲ್ಲ. ಬಾಗಿಲಿಗೆ ಬಂದ ಕೊರಿಯರ್ ಪಡೆಯುವುದು 2 ಆಗಬಹುದು. ಸರಿಯಾದ ಚಿಲ್ಲರೆ ಹಿಡಿದು ಅಂಗಡಿಯಿಂದ ಹಾಲು ತರುವುದು 3. ಜೆರಾಕ್ಸ್ ಅಂಗಡಿಯಲ್ಲಿ “ಎರಡೂ ಬದಿಗೆ, ಮೂರು ಪ್ರತಿ” ಎಂದು ಹೇಳುವುದು 4. ಅಂಗಡಿಯಲ್ಲಿ ಇಲ್ಲದಿರಬಹುದಾದ ವಸ್ತು ಕೇಳಿ, ಇಲ್ಲವೆಂದಾಗ ಬರಿಗೈಲಿ ಬರುವುದು 5. ಕ್ಲಿನಿಕ್‌ಗೆ ಫೋನ್ ಮಾಡಿ ಟೋಕನ್ ಕೇಳುವುದು 6. ಬಸ್ಸಲ್ಲಿ ಕಂಡಕ್ಟರ್ ಹತ್ತಿರ ಉಳಿದ ಚಿಲ್ಲರೆ ಕೇಳುವುದು 7. ಗೃಹಪ್ರವೇಶಕ್ಕೆ ಹೋಗಿ 40 ನಿಮಿಷ ಇರುವುದು 8. ಲ್ಯಾಬ್‌ನಲ್ಲಿ ವೈವಾ 9.

ಶುರು 3 ಅಥವಾ 4ರಿಂದ. ಅಂಕ 2ರದು ಏನೂ ಕಲಿಸುವುದಿಲ್ಲ, 8ರಿಂದ ಹೊರಟರೆ ಪಟ್ಟಿಯೇ ಕಸದಬುಟ್ಟಿಗೆ. ಒಂದು ಮೆಟ್ಟಿಲನ್ನು ಅಂಕ ಅರ್ಧಕ್ಕಿಳಿಯುವವರೆಗೆ ಮತ್ತೆ ಮತ್ತೆ ಹತ್ತಬೇಕು, ವಾರಕ್ಕೆ ಮೂರು ನಾಲ್ಕು ಸಲ. ತಿಂಗಳಿಗೊಮ್ಮೆ ಮಾಡಿದರೆ ಪ್ರತಿ ಸಲವೂ ಮೊದಲ ಸಲವೇ. ಮುಖ್ಯ ಸೂಕ್ಷ್ಮ ಇದು: ಭಯ ಏರಿ, ಸ್ವಲ್ಪ ಹೊತ್ತು ನಿಂತು, ತಾನಾಗಿ ಇಳಿಯುತ್ತದೆ. ಏರಿದ ತುದಿಯಲ್ಲೇ ಹೊರಬಂದರೆ ‘ಓಡಿಬಂದದ್ದರಿಂದ ಬಚಾವಾದೆ’ ಎಂಬ ಪಾಠವನ್ನೇ ಮನಸ್ಸು ಕಲಿಯುತ್ತದೆ. ಮುಂದಿನ ಸಲ ಇನ್ನೂ ಕಷ್ಟ. ಹಾಗಾಗಿ ಗೃಹಪ್ರವೇಶಕ್ಕೆ ಹೊರಡುವಾಗ “ನೋಡೋಣ, ಬೇಡ ಅನ್ನಿಸಿದ್ರೆ ಬಂದ್ಬಿಡೋಣ” ಎನ್ನಬೇಡಿ. “12 ಗಂಟೆಗೆ ಹೋಗ್ತೀವಿ, 12:40ಕ್ಕೆ ಹೊರಡ್ತೀವಿ” ಎಂದು ಮೊದಲೇ ಹೇಳಿ, 12:40ಕ್ಕೆ ಹೊರಟೇ ಬನ್ನಿ. ಚಿಕ್ಕಪ್ಪ ಊಟಕ್ಕೆ ಒತ್ತಾಯಿಸಿದರೂ. ಕೊಟ್ಟ ಮಾತಿಗೆ ನೀವು ಒಂದೇ ಸಲ ತಪ್ಪಿದರೂ ಆ ಮೆಟ್ಟಿಲು ಮುರಿದುಹೋಗುತ್ತದೆ.

ಈಗ ನೋಟ್‌ಬುಕ್ಕಿನ ಆ ಐದನೇ ಸಾಲು. ಮಗನ ಬದಲಿಗೆ ಹೋಟೆಲಲ್ಲಿ ದೋಸೆ ಹೇಳುವುದು, ಅವನ ಕಾಲೇಜಿಗೆ ನೀವೇ ಫೋನ್ ಮಾಡುವುದು, ನೆಂಟರು ಕೇಳಿದ ಪ್ರಶ್ನೆಗೆ ನೀವೇ ಉತ್ತರಿಸುವುದು. ಪ್ರೀತಿಯಿಂದಲೇ ಮಾಡುವ ಇವು ಆತಂಕವನ್ನು ಸಾಕುತ್ತವೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಎಲಿ ಲೆಬೊವಿಟ್ಜ್ ರೂಪಿಸಿದ ಸ್ಪೇಸ್ ಎಂಬ ಪದ್ಧತಿಯಲ್ಲಿ ಮಗು ಚಿಕಿತ್ಸೆಗೆ ಬರುವುದೇ ಇಲ್ಲ, ಅಪ್ಪ ಅಮ್ಮ ಮಾತ್ರ ಬಂದು ಈ ‘ಬದಲಿ ಕೆಲಸ’ಗಳನ್ನು ಒಂದೊಂದಾಗಿ ನಿಲ್ಲಿಸುವುದನ್ನು ಕಲಿಯುತ್ತಾರೆ. 124 ಮಕ್ಕಳ ಮೇಲೆ ನಡೆದ ಅವರ ಅಧ್ಯಯನದಲ್ಲಿ, ಮಕ್ಕಳಿಗೇ ಸಿಬಿಟಿ ಕೊಟ್ಟಾಗಿನ ಫಲಿತಾಂಶಕ್ಕೆ ಇದು ಕಡಿಮೆಯಿಲ್ಲ ಎಂದು ಕಂಡುಬಂತು. ಆ ಮಕ್ಕಳ ವಯಸ್ಸು 7ರಿಂದ 14 ಎಂಬುದನ್ನು ಮರೆಯಬಾರದು, 17ರವರಿಗೆ ನೇರವಾಗಿ ಹೊಂದಿಸಲಾಗದು. ಆದರೂ ಮಗು ಬರುವುದಿಲ್ಲ ಎಂಬ ಒಂದೇ ಕಾರಣಕ್ಕೆ ಕೈಚೆಲ್ಲಬೇಕಿಲ್ಲ ಎಂಬುದು ಇದರಿಂದ ಸ್ಪಷ್ಟ. ಎಲ್ಲವನ್ನೂ ಒಂದೇ ದಿನ ನಿಲ್ಲಿಸಬೇಡಿ. ಒಂದನ್ನು ಆರಿಸಿ, ಎರಡು ದಿನ ಮುಂಚೆ ಹೇಳಿ: “ಭಾನುವಾರದಿಂದ ಹೋಟೆಲಲ್ಲಿ ನಿನ್ನ ತಿಂಡಿ ನೀನೇ ಹೇಳ್ಬೇಕು. ಕಷ್ಟ ಅಂತ ಗೊತ್ತು, ನಿನ್ನ ಕೈಲಾಗತ್ತೆ ಅಂತಾನೂ ಗೊತ್ತು.” ಅವನು ಹೇಳದೆ ಕೂತರೆ ಸಪ್ಲೈಯರ್ ಎದುರು ಬೈಯುವುದೂ ಬೇಡ, ಮನಸ್ಸು ಕರಗಿ ನೀವೇ ಹೇಳಿಬಿಡುವುದೂ ಬೇಡ.

ನೆಂಟರ ಎದುರು “ಅವಳಿಗೆ ನಾಚಿಕೆ”, “ಇವನು ಗುಮ್ಮನಗುಸಕ” ಎಂದು ಪರಿಚಯಿಸುವುದನ್ನು ಇವತ್ತೇ ಬಿಡಿ. ಹತ್ತು ಜನರ ನಡುವೆ ಆ ಮಾತು ಬಿದ್ದ ಕ್ಷಣ ಎಲ್ಲರ ಕಣ್ಣೂ ಅವಳ ಮೇಲೆ, ಅವಳು ಅತಿ ಹೆಚ್ಚು ಹೆದರುವುದೂ ಅದಕ್ಕೇ.

2024ರ ಅಕ್ಟೋಬರ್ 10ರಂದು ಟೆಲಿ ಮಾನಸ್ ಆ್ಯಪ್ ಬಂದಿದೆ. ಅದರಲ್ಲಿ ಸ್ವ-ಆರೈಕೆಯ ಮಾಹಿತಿ ಓದಬಹುದು, ಅಲ್ಲಿಂದಲೇ ಸಂಪರ್ಕಿಸಲೂಬಹುದು. ಮಾತಿಗಿಂತ ಓದು ಇಷ್ಟಪಡುವ ಮಕ್ಕಳಿಗೆ ಇದೇ ಸರಿಯಾದ ಬಾಗಿಲು. ಅವರ ಫೋನಿಗೆ ನೀವು ಹಾಕಬೇಡಿ; ಹೀಗೊಂದಿದೆ ಎಂದು ಒಮ್ಮೆ ಹೇಳಿ ಸುಮ್ಮನಾಗಿ. ಅದೇ ದಿನ ಶುರುವಾದ ವಿಡಿಯೊ ಸಮಾಲೋಚನೆಯನ್ನು ಮೊದಲು ಪಡೆದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಆದರೆ ಆತಂಕದ ಮಕ್ಕಳಿಗೆ ತಮ್ಮ ಮುಖ ತಮಗೇ ಪರದೆಯಲ್ಲಿ ಕಾಣುವುದು ಇನ್ನಷ್ಟು ಹಿಂಸೆ. ಮೊದಲು ಧ್ವನಿ ಸಾಕೇ ಎಂದು ಕೇಳಿ.

ನೇರವಾಗಿ ವೈದ್ಯರನ್ನು ಕಾಣಿ ಎಂದರೆ ಬೆಂಗಳೂರಿಗೇ ಓಡಬೇಕಿಲ್ಲ. ಕರ್ನಾಟಕದಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆ ಇದೆ. ನಿಮ್ಮ ತಾಲ್ಲೂಕಿಗೆ ತಿಂಗಳ ಯಾವ ಮಂಗಳವಾರ ಎಂಬುದನ್ನು ಆಸ್ಪತ್ರೆಯಲ್ಲೇ ಕೇಳಿಕೊಂಡು ಹೋಗಿ. ಉತ್ತರ ಕರ್ನಾಟಕದವರಿಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಹತ್ತಿರ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮತ್ತು ಹದಿಹರೆಯದವರ ವಿಭಾಗವೇ ಬೇರೆ ಇದೆ. 17-18 ಎಂಬುದು ಮಕ್ಕಳ ವಿಭಾಗಕ್ಕೂ ದೊಡ್ಡವರ ವಿಭಾಗಕ್ಕೂ ಗಡಿಯ ವಯಸ್ಸಾದ್ದರಿಂದ ಯಾವ ಕೌಂಟರಲ್ಲಿ ನಿಲ್ಲಬೇಕೆಂದು ಮೊದಲೇ ವಿಚಾರಿಸಿ. ಜನಜಂಗುಳಿಯಲ್ಲಿ ಸಾಲಿನಿಂದ ಸಾಲಿಗೆ ಅಲೆಸಿದರೆ ಇಂಥ ಮಗು ಮತ್ತೆ ಬರುವುದಿಲ್ಲ. ಮೊಬೈಲ್, ಗೇಮ್‌ಗಳೇ ಮುಖ್ಯ ಸಮಸ್ಯೆಯಾಗಿ ರಾತ್ರಿ ಹಗಲಾಗಿದ್ದರೆ ನಿಮ್ಹಾನ್ಸ್‌ನಲ್ಲಿ 2014ರಿಂದ ನಡೆಯುತ್ತಿರುವ ಶಟ್ ಕ್ಲಿನಿಕ್ ಇದೆ. ಆದರೆ ಫೋನ್ ಕಾರಣವೋ ಆಶ್ರಯವೋ ನೋಡಿ. ಆತಂಕದ ಮಗುವಿಗೆ ಹೊರಗಿನ ಪ್ರಪಂಚದ ಜೊತೆ ಉಳಿದ ಒಂದೇ ಎಳೆ ಆ ಫೋನ್ ಆಗಿದ್ದರೆ, ಅದನ್ನು ಕಿತ್ತುಕೊಂಡ ದಿನವೇ ಪೂರ್ತಿ ಒಂಟಿಯಾಗುತ್ತಾಳೆ.

ಒಂದು ಸಂದರ್ಭದಲ್ಲಿ ಈ ಎರಡು ವಾರದ ತಯಾರಿ, ನೋಟ್‌ಬುಕ್, ಪಟ್ಟಿ ಯಾವುದೂ ಬೇಡ. ಬದುಕಿ ಪ್ರಯೋಜನವಿಲ್ಲ ಎಂಬ ಮಾತು, ಮೈಮೇಲೆ ಗಾಯದ ಗುರುತು, ಇಷ್ಟದ ವಸ್ತುಗಳನ್ನು ಹಂಚಿಬಿಡುವುದು ಕಂಡರೆ ಆ ಗಳಿಗೆಯಲ್ಲೇ 14416ಕ್ಕೆ ಕರೆ ಮಾಡಿ. ಪ್ರಾಣಾಪಾಯ ಎದುರಿಗಿದ್ದರೆ 112. ಮಗುವನ್ನು ಒಂಟಿಯಾಗಿ ಬಿಡಬೇಡಿ. ಮನೆಯಲ್ಲಿರುವ ಮಾತ್ರೆಗಳು, ಹೊಲಕ್ಕೆ ತಂದ ಕೀಟನಾಶಕ ಬೀಗದೊಳಗೆ ಹೋಗಲಿ, ಬೀಗದ ಕೈ ನಿಮ್ಮಲ್ಲಿರಲಿ. “ಸಾಯ್ಬೇಕು ಅನ್ನಿಸ್ತಾ ಇದೆಯಾ?” ಎಂದು ನೇರವಾಗಿ ಕೇಳುವುದರಿಂದ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ. ಕೇಳಿ.

ಹದಿನೆಂಟು ತುಂಬುವ ತಾರೀಖನ್ನೂ ಗಮನದಲ್ಲಿಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯಡಿ ಅಪ್ರಾಪ್ತರ ಪರವಾಗಿ ನಿರ್ಧರಿಸುವವರು ಸಾಮಾನ್ಯವಾಗಿ ತಂದೆತಾಯಿ. 18 ತುಂಬಿದ ಮೇಲೆ ಚಿಕಿತ್ಸೆಗೆ ಒಪ್ಪಿಗೆ ಅವಳದು, ವೈದ್ಯರ ಜೊತೆ ಆಡಿದ ಮಾತಿನ ಗುಟ್ಟೂ ಅವಳದು. ಆದ್ದರಿಂದ ಹದಿನೇಳೂವರೆ ವಯಸ್ಸಿನಲ್ಲೇ ಬಲವಂತದಿಂದ ಒಮ್ಮೆ ಕರೆದೊಯ್ದು ತೋರಿಸಿಬಿಡೋಣ ಎಂದು ಲೆಕ್ಕ ಹಾಕಬೇಡಿ. ಆ ಆರು ತಿಂಗಳನ್ನು ಜೆರಾಕ್ಸ್ ಅಂಗಡಿ, ಬಸ್ಸು, ಕ್ಲಿನಿಕ್ಕಿನ ಟೋಕನ್ನಿಗೆ ಬಳಸಿ. ಮೊದಲ ಕರೆಯಾದ ಮೂರು ವಾರಕ್ಕೆ ನೋಟ್‌ಬುಕ್ ಹಿಡಿದು 14416ಕ್ಕೆ ಎರಡನೇ ಕರೆ ಮಾಡಿ: ಯಾವ ಮೆಟ್ಟಿಲ ಅಂಕ ಎಷ್ಟರಿಂದ ಎಷ್ಟಕ್ಕಿಳಿಯಿತು, ಎಲ್ಲಿ ನಿಂತುಹೋಯಿತು ಎಂದು ಓದಿ ಹೇಳಿ. ಆ ಕರೆಗೆ ಮುಂಚೆ ಮಗಳನ್ನೊಮ್ಮೆ ಕೇಳಿ, ನಿನ್ನ ಕಡೆಯಿಂದ ಏನಾದರೂ ಹೇಳಬೇಕಾ ಎಂದು. ಮಾತಾಡಲು ಇಷ್ಟವಿಲ್ಲದವಳು ಒಂದು ಚೀಟಿಯಲ್ಲಿ ಬರೆದುಕೊಟ್ಟರೂ ಸರಿ, ಅದನ್ನು ಬದಲಿಸದೆ ಹಾಗೇ ಓದಿ.